ಎರಡು ಕಾಲಮ್, ಒಂದೇ ಹೆಸರು

ಸಹೋದ್ಯೋಗಿಯೊಬ್ಬರು ರಿವ್ಯೂಗೆ ಕಳಿಸಿದ ಕೋಡ್ ಮೂವತ್ತು ಸಾಲೂ ಇರಲಿಲ್ಲ. ಟೇಬಲ್ ಕಟ್ಟುವ ಆದೇಶವನ್ನು ನಮ್ಮ ಪಾರ್ಸರ್ (ಬರೆದದ್ದನ್ನು ಬಿಡಿಸಿ ಓದುವ ಪ್ರೋಗ್ರಾಂ) ಓದುವಾಗ ಕಾಲಮ್ ಹೆಸರು ಸರಿ ಇದೆಯೇ ಎಂದು ನೋಡುವ ಫಂಕ್ಷನ್ ಅದು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಇಡೀ ದಿನ ಅದಕ್ಕೇ ಹೋಯಿತು.

ಇಂಥ ಕೋಡನ್ನು ನಾನು ನಿಧಾನವಾಗಿ ಓದುತ್ತೇನೆ. ವ್ಯಾಲ್ಯೂಗಳನ್ನಾದರೆ ಪ್ಯಾರಾಮೀಟರ್ ಮಾಡಿ ಕ್ವೆರಿಯಿಂದ (ಡೇಟಾಬೇಸಿಗೆ ಕಳಿಸುವ ಆದೇಶದಿಂದ) ಬೇರೆಯಾಗಿ ಕಳಿಸಬಹುದು. ಕಾಲಮ್ ಹೆಸರಿಗೆ ಆ ಸೌಲಭ್ಯ ಇಲ್ಲ, ಅದು ಕ್ವೆರಿಯೊಳಗೇ ಸೇರಬೇಕು. ಹೊರಗಿಂದ ಬಂದ ಹೆಸರಿಗೂ ಡೇಟಾಬೇಸಿಗೂ ನಡುವೆ ಕಾವಲು ನಿಂತಿರುವುದು ಈ ಒಂದು ಫಂಕ್ಷನ್.

ಮೊದಲ ತಪ್ಪು ಬೇಗ ಸಿಕ್ಕಿತು. ಹೆಸರು ಯಾವ ರೂಪದಲ್ಲಿರಬೇಕು ಎಂದು ಹೇಳುವ ಮಾದರಿ ಸೂತ್ರ ಒಂದಿತ್ತು, ಅದಕ್ಕೆ ರೆಜೆಕ್ಸ್ ಎನ್ನುತ್ತಾರೆ. ರೆಜೆಕ್ಸ್‌ನ ಕೊನೆಗೆ ‘ಹೆಸರು ಇಲ್ಲಿಗೆ ಮುಗಿಯಬೇಕು’ ಎನ್ನಲು ಡಾಲರ್ ಚಿಹ್ನೆ ಇತ್ತು. ಪೈಥಾನ್ ಭಾಷೆಯಲ್ಲಿ ಅದು ತುದಿಯಲ್ಲಿರುವ ಒಂದು ನ್ಯೂಲೈನನ್ನು (ಸಾಲು ಮುರಿಯುವ ಗುರುತನ್ನು) ಒಳಗೆ ಬಿಡುತ್ತದೆ. ಹೆಸರಿನ ಬಾಲಕ್ಕೆ ನ್ಯೂಲೈನ್ ಅಂಟಿಸಿ ಕೊಟ್ಟೆ, ಪಾಸಾಯಿತು.

ಆಮೇಲೆ ಸುಮ್ನೆ ಕನ್ನಡದಲ್ಲಿ ‘ಹೆಸರು’ ಅಂತ ಕೊಟ್ಟೆ. ಆಗಲ್ಲ ಎಂದಿತು. ‘ಗಮನ’ ಅಂತ ಕೊಟ್ಟರೆ ಒಪ್ಪಿತು! ಸ್ವಲ್ಪ ಹೊತ್ತು ಏನೂ ಹೊಳೆಯಲಿಲ್ಲ. ರೆಜೆಕ್ಸ್‌ನಲ್ಲಿದ್ದದ್ದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ. ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅದಕ್ಕೆ ಸರಿ. ಆದರೆ ಎತ್ವ, ಕೊಂಬು ಇವೆಲ್ಲ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಪಟ್ಟಿ) ಲೆಕ್ಕದಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ‘ಹೆ’ಯ ಎತ್ವದಲ್ಲೇ ಅದು ಮುಗ್ಗರಿಸಿತ್ತು. ಕಾಗುಣಿತವನ್ನೇ ಒಪ್ಪದ ಪಾರ್ಸರ್ ಕಂಡು ನನಗೆ ನಿಜಕ್ಕೂ ಬೇಜಾರಾಯಿತು.

“ನಿಮ್ಮ ಟೆಸ್ಟ್‌ಗಳೆಲ್ಲ ಇಂಗ್ಲಿಷ್ ಹೆಸರುಗಳೇ ಅಲ್ವಾ? ಇದನ್ನೂ ಒಂದು ಸೇರಿಸಿ ನೋಡಿ” ಎಂದು ಬರೆದೆ. ಮಧ್ಯಾಹ್ನದೊಳಗೆ ಅವರು ರೆಜೆಕ್ಸ್ ತೆಗೆದು, ಹೆಸರು ಸರಿಯೇ ಎಂದು ನೋಡುವ ಪೈಥಾನಿನದೇ ‘ಈಸ್‌ಐಡೆಂಟಿಫೈಯರ್’ ಹಾಕಿದರು. ಅದು ಎತ್ವ, ಕೊಂಬು ಒಪ್ಪುತ್ತದೆ, ನ್ಯೂಲೈನ್ ಒಪ್ಪುವುದಿಲ್ಲ. ಎರಡೂ ತಪ್ಪು ಒಟ್ಟಿಗೆ ಹೋದವು.

ಇನ್ನೇನು ಒಪ್ಪಿಗೆ ಕೊಡಬೇಕು, ಉದ್ದ ನೋಡುವ ಸಾಲಿನ ಮೇಲೆ ಕಣ್ಣು ಬಿತ್ತು. ಮಿತಿ 63. ನಾವು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಮಿತಿಯೂ ಅದೇ, ಆದರೆ ಅದು ಎಣಿಸುವುದು ಹೆಸರನ್ನು ಕೂಡಿಡಲು ಬೇಕಾದ ಬೈಟ್‌ಗಳನ್ನು. ನಮ್ಮ ಕೋಡ್ ಎಣಿಸುತ್ತಿದ್ದದ್ದು ಯೂನಿಕೋಡ್ ಪ್ರತಿ ಅಕ್ಷರಕ್ಕೂ ಗುರುತಿಗೂ ಕೊಡುವ ಸಂಖ್ಯೆಗಳನ್ನು, ಅಂದರೆ ಕೋಡ್ ಪಾಯಿಂಟ್‌ಗಳನ್ನು. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗುತ್ತದೆ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ 3 ಬೈಟ್ ಬೇಕು. ಬೆಳಗ್ಗೆಯ ರೆಜೆಕ್ಸ್ ಕನ್ನಡದ ಹೆಚ್ಚಿನ ಹೆಸರುಗಳನ್ನು ಬಾಗಿಲಲ್ಲೇ ತಡೆಯುತ್ತಿದ್ದುದರಿಂದ ಈ ತಪ್ಪು ಅಡಗಿಕೊಂಡಿತ್ತು.

ಕಾಗದ ತೆಗೆದುಕೊಂಡು ಒಂದು ಹೆಸರು ಎಣಿಸಿದೆ: ‘ಗ್ರಾಹಕರ_ಮನೆ_ವಿಳಾಸದ_ಸಾಲು_1’. ಕೋಡ್ ಪಾಯಿಂಟ್ 25, ಬೈಟ್ 65. ‘ಸಾಲು’ ಮುಗಿಯುವಲ್ಲಿಗೆ ಸರಿಯಾಗಿ 63. ಮಿತಿ ದಾಟಿದ ಹೆಸರಿಗೆ ಪೋಸ್ಟ್‌ಗ್ರೆಸ್ ಎರರ್ ಕೊಡುವುದಿಲ್ಲ. ಒಂದು ನೋಟಿಸ್ ಕೊಟ್ಟು ಬಾಲ ಕತ್ತರಿಸುತ್ತದೆ. ಪಕ್ಕದಲ್ಲಿ ‘ಸಾಲು_2’ ಇದ್ದರೆ ಅದಕ್ಕೂ ಅದೇ ಗತಿ. ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ನಾವು ನೋಡುತ್ತಿದ್ದೆವು ನಿಜ, ಆದರೆ ಪೂರ್ತಿ ಹೆಸರಿನ ಮೇಲೆ. ಓಡಿಸಿ ನೋಡಿದೆ. ನಮ್ಮ ಪರೀಕ್ಷೆ ದಾಟಿತು, ಕಾಲಮ್ ಎರಡು ಸಲ ಬಂದಿದೆ ಎಂದು ಡೇಟಾಬೇಸ್ ನಿಲ್ಲಿಸಿತು. ಬರೆದವರ ಕಣ್ಣಿಗೆ ಕಾಣುವುದು ಬೇರೆ ಬೇರೆ ಎರಡು ಹೆಸರು. ಅವರು ಎಲ್ಲಿ ಅಂತ ಹುಡುಕಬೇಕು?

“ನಾವೇ ಮೊದಲು ಕತ್ತರಿಸಿ, ಆಮೇಲೆ ಹೋಲಿಸಿದರೆ?” ಎಂದು ಅವರು ಕೇಳಿದರು. ನಾನು ಬೇಡ ಎಂದೆ. ಒಂಟಿ ಕಾಲಮ್ ಆಗಿದ್ದರೆ ಗುದ್ದಾಟವೇ ಇಲ್ಲ, ಸದ್ದಿಲ್ಲದೆ ತುಂಡಾಗುತ್ತದೆ. ನಾಳೆ ಫಲಿತಾಂಶದಲ್ಲಿ ಪೂರ್ತಿ ಹೆಸರು ಹುಡುಕುವ ಕೋಡಿಗೆ ಅದು ಸಿಗುವುದಿಲ್ಲ. ಬೈಟ್ ಮಿತಿ ದಾಟಿದರೆ ಅಲ್ಲೇ ಎರರ್ ಕೊಡೋಣ, ಎಷ್ಟು ಬೈಟ್ ಜಾಸ್ತಿ ಆಯಿತು ಅಂತಲೂ ಹೇಳೋಣ ಎಂದೆ. ಅವರೂ ಒಪ್ಪಿದರು.

ಸಂಜೆ ಬಂದ ಟೆಸ್ಟ್‌ನಲ್ಲಿ ಆ ಎರಡು ‘ಸಾಲು’ಗಳಿದ್ದವು. ಜೊತೆಗೆ ನಾನು ಯೋಚಿಸಿರದ ಇನ್ನೊಂದು: ‘ಮೊದಲ’ ಎಂಬ ಹೆಸರು ಎರಡು ಸಲ. ಒಂದರಲ್ಲಿ ಒತ್ವ ಒಂದೇ ಕೋಡ್ ಪಾಯಿಂಟ್, ಇನ್ನೊಂದರಲ್ಲಿ ಎರಡು ತುಂಡು. ನೋಡಲು ಒಂದೇ, ಬೈಟ್‌ಗಳು ಬೇರೆ. ಆ ಟೆಸ್ಟ್ ಫೇಲ್ ಆಗುತ್ತಿತ್ತು. ಒಪ್ಪಿಗೆಯ ಬಟನ್ ಬಿಟ್ಟು, ನಾರ್ಮಲೈಸ್ ಮಾಡುವ (ಇಂಥ ಎರಡು ರೂಪಗಳನ್ನು ಒಂದೇ ರೂಪಕ್ಕೆ ತರುವ) ಸಾಲು ಎಲ್ಲಿ ಬರಬೇಕು ಎಂದು ಇಬ್ಬರೂ ಮತ್ತೆ ಕೂತೆವು.