ಕ್ಯಾಮೆರಾಮನ್ ಕೈಗೆ ಬಂದ ಸೀಕ್ವೆಲ್

ಮೆಲ್ಬರ್ನಿನಲ್ಲಿ ಜಾಹೀರಾತು ಚಿತ್ರಗಳ ಎಡಿಟಿಂಗ್‌ಗೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಎಡಿಟರ್ ಒಂದು ಡಿವಿಡಿ ಕೈಗಿಟ್ಟರು. 'ಈ ಊರಿನ ಜಾಹೀರಾತಿನವರು ಸಿನಿಮಾ ಮಾಡಿದ್ದು ಹೇಗೆ ಅಂತ ನೋಡು' ಎಂದರು. 1974ರ 'ಆಲ್ವಿನ್ ರೈಡ್ಸ್ ಅಗೇನ್'. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಲ್ಲ. ಶನಿವಾರ ಮಧ್ಯಾಹ್ನ ಒಬ್ಬನೇ ಕೂತೆ.

ಆಸ್ಟ್ರೇಲಿಯಾದಲ್ಲಿ ಆಗಿನ ಸೆನ್ಸಾರ್ ಬಲು ಬಿಗಿ. 1971ರಲ್ಲಿ ಸಚಿವ ಡಾನ್ ಚಿಪ್ ಕಾಲದಲ್ಲಿ ವಯಸ್ಕರಿಗೆಂದೇ 'ಆರ್' ಸರ್ಟಿಫಿಕೇಟ್ ಬಂತು. ಆ ಬಾಗಿಲಿನಿಂದ ನುಗ್ಗಿದ್ದು ಟಿಮ್ ಬರ್ಸ್ಟಾಲ್ ನಿರ್ದೇಶನದ 'ಆಲ್ವಿನ್ ಪರ್ಪಲ್', 1973ರಲ್ಲಿ. ನೋಡಲು ತೀರಾ ಸಾಧಾರಣ ಹುಡುಗ, ಆದರೂ ಹೆಂಗಸರು ಬೆನ್ನು ಬಿಡುವುದಿಲ್ಲ. ವಿಮರ್ಶಕರು ಬೈದರು, ಜನ ಮುಗಿಬಿದ್ದರು. ಮರುವರ್ಷವೇ ಎರಡನೇ ಭಾಗ ತಯಾರು, ಅದೇ ನನ್ನ ಕೈಗೆ ಬಂದ 'ಆಲ್ವಿನ್ ರೈಡ್ಸ್ ಅಗೇನ್'.

ಈ ಸಲ ಬರ್ಸ್ಟಾಲ್ ನಿರ್ದೇಶಿಸಲಿಲ್ಲ. ಆ ಕೆಲಸ ಡೇವಿಡ್ ಬಿಲ್ಕಾಕ್ ಮತ್ತು ರಾಬಿನ್ ಕಾಪಿಂಗ್ ಪಾಲಿಗೆ ಬಂತು. ಇಬ್ಬರೂ ಜಾಹೀರಾತು ಚಿತ್ರಗಳ ಜೋಡಿ, ಕಾಪಿಂಗ್ ಮೊದಲ ಆಲ್ವಿನ್‌ಗೆ ಕ್ಯಾಮೆರಾ ಹಿಡಿದವರು. ಮೂವತ್ತು ಸೆಕೆಂಡಿನಲ್ಲಿ ಮಾತು ಮುಗಿಸುವ ಅಭ್ಯಾಸದವರು ಇಡೀ ಚಿತ್ರವನ್ನು ಹೇಗೆ ತೂಗಿಸಿದರು ಎಂಬುದೇ ನನ್ನ ಕುತೂಹಲ.

ನಾಯಕ ಗ್ರೇಮ್ ಬ್ಲಂಡೆಲ್‌ಗೆ ಇಲ್ಲಿ ದ್ವಿಪಾತ್ರ. ಆಲ್ವಿನ್ ಒಂದು, ಅವನನ್ನೇ ಹೋಲುವ ಅಮೆರಿಕದ ರೌಡಿ ಇನ್ನೊಂದು. ರಾಜ್‌ಕುಮಾರ್ ದ್ವಿಪಾತ್ರಗಳನ್ನು ನೋಡುತ್ತ ಬೆಳೆದ ನನಗೆ ರಿಮೋಟ್ ಕೆಳಗಿಡಲು ಆಗಲಿಲ್ಲ. ಆಗ ಕಂಪ್ಯೂಟರ್ ಎಲ್ಲಿತ್ತು? ಲೆನ್ಸಿನ ಅರ್ಧಕ್ಕೆ ಕಪ್ಪು ಮರೆ ಕಟ್ಟಿ ಒಂದು ಪಾತ್ರ ತೆಗೆಯಬೇಕು, ಫಿಲ್ಮನ್ನು ಹಿಂದಕ್ಕೆ ಸುತ್ತಿ ಇನ್ನರ್ಧ ತೆಗೆಯಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಹಿಂದಿನ ಗೋಡೆ ಎರಡಾಗಿ ಕಾಣುತ್ತದೆ. ಇಲ್ಲವೇ ಒಬ್ಬ ಡ್ಯೂಪ್‌ನ ಬೆನ್ನು ತೋರಿಸಿ, ನೋಟಕ್ಕೆ ನೋಟ ಕೂಡಿಸಿ ಕತ್ತರಿಸಬೇಕು. ಎರಡನೆಯದು ಅಗ್ಗ, ಎಡಿಟರ್‌ಗೆ ಮಾತ್ರ ಪ್ರಾಣಸಂಕಟ. ಎದುರಿಗಿರುವವನ ಕಣ್ಣು ಎರಡಿಂಚು ಮೇಲೆ ನೋಡಿದರೂ ಪ್ರೇಕ್ಷಕ ಗುರುತಿಸಿಬಿಡುತ್ತಾನೆ. ನಾನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡುತ್ತಿದ್ದೆ. ಬೆಡ್‌ರೂಮಿನ ದೃಶ್ಯಗಳಲ್ಲಿ ನನಗೆ ಅಂಥ ಆಸಕ್ತಿ ಹುಟ್ಟಲಿಲ್ಲ.

ಹೆಂಗಸರನ್ನು ಆ ಚಿತ್ರ ನೋಡುವ ಬಗೆ ನನಗೆ ಒಪ್ಪಿಗೆಯಿಲ್ಲ. ಮಹಿಳಾ ಕ್ರಿಕೆಟ್ ತಂಡವೊಂದು ಬರುತ್ತದೆ, ಅದೂ ತಮಾಷೆಗೇ ಬಳಕೆಯಾಗಿದೆ. ಆ ಆಟಗಾರ್ತಿಯರ ಮೇಲೇ ಒಂದು ಒಳ್ಳೆಯ ಸಿನಿಮಾ ಮಾಡಬಹುದಿತ್ತಲ್ಲ ಎಂದು ಹೊಟ್ಟೆಯುರಿಯಿತು.

ಆದರೂ ಈ ಚಿತ್ರಗಳನ್ನು ಬರೀ ಅಶ್ಲೀಲ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. 1975ರ 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್' ಹೆಸರೆತ್ತಿ ಆಸ್ಟ್ರೇಲಿಯಾ ಚಿತ್ರರಂಗದ ಮರುಹುಟ್ಟನ್ನು ಕೊಂಡಾಡುತ್ತಾರೆ. ಸರಿಯೇ. ಆದರೆ ಸ್ವಂತ ಊರಿನ ಚಿತ್ರಕ್ಕೆ ಕ್ಯೂ ನಿಲ್ಲುವುದನ್ನು ಜನರಿಗೆ ಕಲಿಸಿದವರಲ್ಲಿ ಆಲ್ವಿನ್‌ಗೂ ಜಾಗವಿದೆ. ಎರಡನೇ ಭಾಗ ಮೊದಲಿನಷ್ಟು ಗಳಿಸಲಿಲ್ಲ. ಅಷ್ಟಾದರೂ 1976ರಲ್ಲಿ ಆಲ್ವಿನ್ ಟಿವಿ ಧಾರಾವಾಹಿಯಾದ, ಅದೂ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯಲ್ಲಿ, ಅದೇ ಬ್ಲಂಡೆಲ್ ಜೊತೆ.