ಯಾವ ಕಾಲುವೆ ಚೆಂದ ಅಂತ ಕೇಳುವವರಿಗೆ

ಏಪ್ರಿಲ್ ಬಂತು ಅಂದರೆ ನನ್ನ ವಾಟ್ಸಾಪಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಇಂಗ್ಲೆಂಡಿಗೆ ಬರ್ತಾ ಇದೀವಿ. ನೀವು ಫೋಟೊ ಹಾಕಿದ್ರಲ್ಲ, ರೈಲು ಬೋಗಿ ಥರ ಉದ್ದಕ್ಕೆ ಇರೋ ದೋಣಿ, ಅದ್ರಲ್ಲಿ ನಾಲ್ಕು ದಿನ ಹೋಗ್ಬೇಕು. ಯಾವ ಕಾಲುವೆ ತುಂಬಾ ಚೆಂದ?"

ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ವೇಲ್ಸ್ ಗಡಿಯ ಲಾಂಗೋಲೆನ್ ಕಾಲುವೆ. ಟ್ರೆವರ್ ಅಥವಾ ಚರ್ಕ್‌ನಲ್ಲಿ ದೋಣಿ ಹಿಡಿಯಿರಿ, ಮೇ ತಿಂಗಳಲ್ಲಿ ಹೋಗಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. "ಯಾಕೆ?" ಅನ್ನುವವರಿಗೆ ಮಾತ್ರ ಮುಂದಿನದು.

ನಾನು ಮಂಡ್ಯದ ಕಡೆಯವನು. ನಾಲೆ ಏರಿ ಮೇಲೆ ಸೈಕಲ್ ಕಲಿತವನು. ನಮಗೆ ನಾಲೆ ಅಂದರೆ ಗದ್ದೆಗೆ ನೀರು, ಎಮ್ಮೆ ತೊಳೆಯುವ ಜಾಗ, ಜೊತೆಗೆ "ಆ ಕಡೆ ಹೋಗಬ್ಯಾಡ" ಅನ್ನುವ ಅವ್ವನ ಕೂಗು. ಅದರಲ್ಲಿ ದೋಣಿ ಬಿಡುತ್ತಾರೆ, ದೋಣಿಯೊಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇಟ್ಟುಕೊಂಡು ರಜೆ ಕಳೆಯುತ್ತಾರೆ ಅನ್ನುವುದು ಬರ್ಮಿಂಗ್‌ಹ್ಯಾಮಿಗೆ ಕೆಲಸಕ್ಕೆ ಬಂದ ಮೇಲೆ ಗೊತ್ತಾದದ್ದು. ಇಲ್ಲಿನವರು "ನಮ್ಮೂರಲ್ಲಿ ವೆನಿಸ್‌ಗಿಂತ ಜಾಸ್ತಿ ಕಾಲುವೆ ಇದೆ" ಅಂತ ಹೊಸಬರಿಗೆಲ್ಲ ಒಂದು ಸಲ ಹೇಳಿಯೇ ಹೇಳುತ್ತಾರೆ. ಜಾಸ್ತಿ ಇರಬಹುದು. ಊರೊಳಗಿನ ಹಲವು ಕಡೆ ನೋಡಲು ಸಿಗುವುದು ಗೋದಾಮಿನ ಹಿಂಗೋಡೆ.

ಈ ಕಾಲುವೆಗಳನ್ನು ಯಾರೂ ಚೆಂದಕ್ಕೆ ತೋಡಲಿಲ್ಲ. ರೈಲು ಬರುವ ಮುಂಚೆ ಕಲ್ಲಿದ್ದಲು, ಸುಣ್ಣದಕಲ್ಲು, ಪಿಂಗಾಣಿ ಸಾಗಿಸುವುದಕ್ಕೆ ತೋಡಿದ್ದು. ಕುದುರೆ ದಡದಲ್ಲಿ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯುತ್ತಿತ್ತು. ಆ ಕುದುರೆ ದಾರಿ ಈಗ ನಾಯಿ ಕರೆದುಕೊಂಡು ಅಡ್ಡಾಡುವವರ ದಾರಿ, ನಮ್ಮ ನಾಲೆ ಏರಿಯ ತಮ್ಮನಂತಿದೆ. ದೋಣಿಯನ್ನು ಎತ್ತಿ ಇಳಿಸುವ ಬಾಗಿಲ ತೊಟ್ಟಿಗಳಿಗೆ ಲಾಕ್ ಅನ್ನುತ್ತಾರೆ. ಬಹಳಷ್ಟು ಕಾಲುವೆಗಳಲ್ಲಿ ಅವು ಸುಮಾರು ಏಳೇ ಅಡಿ ಅಗಲ, ಅದಕ್ಕೇ ದೋಣಿಯೂ ಏಳು ಅಡಿಯೊಳಗೆ. ಉದ್ದ ಮಾತ್ರ 70 ಅಡಿಯವರೆಗೂ ಇರುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ನಡೆಯುವ ಅಜ್ಜಿ ನಿಮ್ಮನ್ನು ಹಿಂದೆ ಹಾಕಿ ಹೋದರೆ ಬೇಸರ ಮಾಡಿಕೊಳ್ಳಬೇಡಿ.

ಚೆಂದದ ಕಾಲುವೆ ಹುಡುಕುವವರು ಫೋಟೊ ನೋಡುತ್ತಾರೆ. ನಾನು ಮ್ಯಾಪ್ ನೋಡುತ್ತೇನೆ, ಅದರಲ್ಲೂ ಎರಡೇ ಸಂಗತಿ. ಒಂದು, ಕಾಲುವೆ ಎಷ್ಟು ಡೊಂಕಾಗಿದೆ. ಎರಡು, ಲಾಕ್ ಎಷ್ಟಿವೆ.

ಡೊಂಕಿನ ಲೆಕ್ಕ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಿಕ್ಕದೇವರಾಜ ಸಾಗರ ನಾಲೆಯಂಥ ಹಳೆಯ ನಾಲೆಗಳು ನೆಲದ ಮಟ್ಟ ಹಿಡಿದು, ದಿಬ್ಬ ಬಂದಲ್ಲಿ ಬಳಸಿ, ಹಳ್ಳ ಬಂದಲ್ಲಿ ಒಳಕ್ಕೆ ಹೋಗಿ ಹೊರಬರುತ್ತವೆ. ಇಲ್ಲಿ 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನುವ ಎಂಜಿನಿಯರ್ ಮಾಡಿದ್ದೂ ಅದೇ. ಗುಡ್ಡ ಕಡಿಯುವುದಕ್ಕೆ ದುಡ್ಡು ಬೇಕು, ಸುತ್ತಿ ಹೋಗುವುದಕ್ಕೆ ತಾಳ್ಮೆ ಸಾಕು. ಆಕ್ಸ್‌ಫರ್ಡ್ ಕಾಲುವೆಯ ನೆತ್ತಿಯ ಭಾಗ, ಕ್ಲೇಡನ್‌ನಿಂದ ಮಾರ್ಸ್ಟನ್ ಡೋಲ್ಸ್‌ವರೆಗೆ, 11 ಮೈಲಿ. ನೇರ ಗೆರೆ ಎಳೆದರೆ ಸುಮಾರು ಅರ್ಧದಷ್ಟೇ. ಒಂದೇ ಗುಡ್ಡ ಎಡಕ್ಕೆ, ಹಿಂದಕ್ಕೆ, ಬಲಕ್ಕೆ ಬರುತ್ತಲೇ ಇರುತ್ತದೆ. ಸರಕು ಸಾಗಿಸುವವನಿಗೆ ಅದು ಶಾಪ, ಅದಕ್ಕೇ 19ನೇ ಶತಮಾನದಲ್ಲಿ ಈ ಕಾಲುವೆಯ ಉತ್ತರದ ಅರ್ಧವನ್ನು ನೇರ ಮಾಡಿದರು. ದಕ್ಷಿಣದ ಅರ್ಧ ಹಾಗೇ ಉಳಿಯಿತು, ಚೆಂದವೂ ಅಲ್ಲೇ ಉಳಿಯಿತು. ಆಮೇಲಿನ ಕಾಲುವೆಗಳು ಆಳವಾದ ಕೊರಕಲಿನಲ್ಲಿ, ಇಲ್ಲವೇ ಎತ್ತರದ ಏರಿಯ ಮೇಲೆ ನೇರಕ್ಕೆ ಹೋಗುತ್ತವೆ. ಕೊರಕಲಿನಲ್ಲಿ ಅರ್ಧ ದಿನ ಎರಡೂ ಕಡೆ ಪಾಚಿ ಹಿಡಿದ ಮಣ್ಣಿನ ಗೋಡೆ ನೋಡಿದವನಿಗೇ ಗೊತ್ತು ಆ ಬೇಸರ.

ಇನ್ನು ಲಾಕ್. ಕಾಲುವೆ ಗುಡ್ಡ ಹತ್ತಲೇಬೇಕಾದಾಗ ಇರುವ ನೀರಿನ ಮೆಟ್ಟಿಲು ಅದು. ದೋಣಿ ಒಳಗೆ ಬಿಟ್ಟು, ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ. ತೂಬು ಎತ್ತುವುದಕ್ಕೆ ಎಲ್ ಆಕಾರದ ಕಬ್ಬಿಣದ ಹಿಡಿ ಕೊಡುತ್ತಾರೆ, ವಿಂಡ್ಲಾಸ್ ಅಂತ. ಬಾಗಿಲನ್ನು ತೊಲೆಗೆ ಬೆನ್ನು ಕೊಟ್ಟು ನೂಕಬೇಕು. ಇವನ್ನೆಲ್ಲ ಮಾಡುವವರು ನೀವೇ. ಒಂದೆರಡು ಲಾಕ್ ಮಜಾ. ಹತ್ತನೆಯದರ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಇಲ್ಲಿನ ದೋಣಿಯವರ ಹಳೆ ಲೆಕ್ಕ ಒಂದಿದೆ: ಮೈಲಿ ಎಷ್ಟೋ ಅದಕ್ಕೆ ಲಾಕ್ ಎಷ್ಟೋ ಕೂಡಿಸಿ, ಮೂರರಿಂದ ಭಾಗಿಸಿ, ಬಂದದ್ದು ಗಂಟೆ. ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಬಂದರೆ ನೀವು ಊರು ನೋಡುವುದಿಲ್ಲ, ಬರೀ ತೂಬು ನೋಡುತ್ತೀರಿ.

ಅದಕ್ಕೇ ಕೆನೆಟ್ ಮತ್ತು ಏವನ್ ಕಾಲುವೆಯನ್ನು ಮೊದಲ ಸಲದವರಿಗೆ ನಾನು ಹೇಳುವುದಿಲ್ಲ. ಬಾತ್ ಊರು, ನದಿಯ ಮೇಲೆ ಸೇತುವೆಯ ಹಾಗೆ ಹಾಯುವ ಡಂಡಸ್ ಮೇಲ್ಗಾಲುವೆ, ಹಳದಿ ಕಲ್ಲಿನ ಮನೆಗಳು, ಎಲ್ಲ ನಿಜ. ಆದರೆ ಒಟ್ಟು 87 ಮೈಲಿಗೆ 105 ಲಾಕ್. ಡಿವೈಜಸ್ ಊರಿನ ಹತ್ತಿರ ಕೇನ್ ಹಿಲ್ ಅಂತ ಇದೆ: ಎರಡು ಮೈಲಿಯಲ್ಲಿ 29 ಲಾಕ್, ಅದರಲ್ಲಿ 16 ಸಾಲಾಗಿ ಗುಡ್ಡದ ಮೇಲೆ ನಿಂತಿವೆ. ಫೋಟೊದಲ್ಲಿ ದೇವಸ್ಥಾನದ ಮೆಟ್ಟಿಲಿನ ಹಾಗೆ ಕಾಣುತ್ತದೆ. ದೋಣಿ ಬಿಟ್ಟು ನಡೆದುಕೊಂಡೇ ನೋಡಿ ಬನ್ನಿ. ಮೇಲಾಗಿ ಬಾತ್‌ನ ಆಚೀಚೆ ದೋಣಿಯಲ್ಲೇ ವಾಸ ಮಾಡುವವರು ದಡದುದ್ದಕ್ಕೂ ಕಟ್ಟಿಕೊಂಡಿರುತ್ತಾರೆ, ನಿಂತ ದೋಣಿ ಪಕ್ಕ ಹೋಗುವಾಗ ಎಂಜಿನ್ ತೀರಾ ತಗ್ಗಿಸಬೇಕು. ತಗ್ಗಿಸದಿದ್ದರೆ ಕಿಟಕಿಯಿಂದ ಒಂದು ತಲೆ ಹೊರಗೆ ಬಂದು ಪಾಠ ಹೇಳುತ್ತದೆ.

ಈಗ ಲಾಂಗೋಲೆನ್‌ಗೆ ಬರೋಣ. ಹೆಸರನ್ನು ನಾನು ಬರೆದ ಹಾಗೆ ವೇಲ್ಸ್‌ನವರು ಹೇಳುವುದಿಲ್ಲ. ಅವರ ಆ ಅಕ್ಷರ ನಮ್ಮ ಲ ಅಲ್ಲ, ಳ ಕೂಡ ಅಲ್ಲ, ನಾಲಿಗೆ ಪಕ್ಕದಿಂದ ಗಾಳಿ ಬಿಡಬೇಕು. ಮೂರು ವರ್ಷದಿಂದ ಪ್ರಯತ್ನದಲ್ಲಿದ್ದೇನೆ.

ಒಟ್ಟು ಕಾಲುವೆ 46 ಮೈಲಿ, 21 ಲಾಕ್. ಗುಟ್ಟು ಏನೆಂದರೆ ಲಾಕ್‌ಗಳೆಲ್ಲ ಕೆಳಗಿನ ಇಂಗ್ಲೆಂಡಿನ ಕಡೆ ಇವೆ. ನ್ಯೂ ಮಾರ್ಟನ್ನಿನ ಎರಡು ದಾಟಿದರೆ ಲಾಂಗೋಲೆನ್ ಊರಿನವರೆಗೆ ಒಂದೂ ಇಲ್ಲ. ಟ್ರೆವರ್‌ನಿಂದ ಎಲ್ಸ್‌ಮಿಯರ್ ಊರಿಗೆ ಒಂದು ದಿನದ ದಾರಿ, ಸಿಗುವುದು ಎರಡೇ ಲಾಕ್. ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಬರುವ ನಮ್ಮಂಥವರಿಗೆ ಇದಕ್ಕಿಂತ ಬೇಕೆ?

ನಾನು ಅಪ್ಪ ಅವ್ವನನ್ನು ಕರೆದುಕೊಂಡು ಹೋದದ್ದು ಹೀಗೆಯೇ. ಟ್ರೆವರ್ ಬಿಟ್ಟ ಕೂಡಲೇ, ಚುಕ್ಕಾಣಿ ಇನ್ನೂ ಕೈಗೆ ಒಗ್ಗುವ ಮುಂಚೆ, ಪಾಂಟ್‌ಕಸಲ್ತೆ ಮೇಲ್ಗಾಲುವೆ ಬಂತು. ಚುಕ್ಕಾಣಿ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಅನ್ನುವುದನ್ನು ತಲೆ ಒಪ್ಪಿದರೂ ಕೈ ಒಪ್ಪುತ್ತಿರಲಿಲ್ಲ. ಡೀ ನದಿಯ ಮೇಲೆ, 38 ಮೀಟರ್ ಎತ್ತರದಲ್ಲಿ, ಕಲ್ಲಿನ ಕಂಬಗಳ ಮೇಲೆ 307 ಮೀಟರ್ ಉದ್ದದ ಎರಕದ ಕಬ್ಬಿಣದ ಬಾನಿ ಕೂರಿಸಿ ಅದರಲ್ಲಿ ನೀರು ಹರಿಸಿದ್ದಾರೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿ 1805ರಲ್ಲಿ ಮುಗಿಸಿದ್ದು. 2009ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಒಂದು ಕಡೆ ನಡೆಯುವ ದಾರಿ, ಕಂಬಿ ಎಲ್ಲ ಇದೆ. ಇನ್ನೊಂದು ಕಡೆ ಏನೂ ಇಲ್ಲ. ಬಾನಿಯ ಅಂಚು ನೀರಿಗಿಂತ ಒಂದು ಗೇಣು ಮೇಲಿದೆ ಅಷ್ಟೆ, ದೋಣಿಯ ಮೇಲೆ ನಿಂತವರಿಗೆ ಅದೂ ಕಾಣುವುದಿಲ್ಲ. ಗಾಳಿಯಲ್ಲೇ ತೇಲಿದ ಹಾಗೆ.

"ಕಂಬಿನೇ ಇಲ್ವಲ್ಲಪ್ಪಾ ಇವರ ಮನೆ ಕಾಯ್ವಾಗ" ಅಂತ ಅವ್ವ ಒಳಗೆ ಹೋಗಿ ಕೂತವಳು ಆಚೆ ದಡ ಬರುವವರೆಗೆ ಹೊರಗೆ ಬರಲಿಲ್ಲ. ಅಪ್ಪ ಕೆಳಗಿನ ಫುಟ್ಬಾಲ್ ಮೈದಾನ, ನದಿ, ಮರದ ನೆತ್ತಿಗಳನ್ನೆಲ್ಲ ಒಂದು ಸಲ ನೋಡಿ, ಆಮೇಲೆ ನೀರನ್ನೇ ನೋಡುತ್ತಾ ನಿಂತರು. ಬಾನಿಯ ತಳದಲ್ಲಿ ಒಂದು ಬಿರಡೆ ಇದೆ, ರಿಪೇರಿ ಬಂದಾಗ ಅದನ್ನು ಎತ್ತಿ ನೀರನ್ನೆಲ್ಲ ಕೆಳಗಿನ ನದಿಗೆ ಬಿಡುತ್ತಾರೆ ಅಂತ ಹೇಳಿದೆ. ಅದು ಅವರಿಗೆ ಹಿಡಿಸಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ನೀರು ಹರೀತಾ ಅದೆ. ಯಾರ ಗದ್ದೆಗೆ ಹೋಯ್ತದ್ಲಾ ಇದು?"

ಇಷ್ಟು ಜನ ಸ್ನೇಹಿತರನ್ನು ಕರೆದುಕೊಂಡು ಹೋಗಿದ್ದೇನೆ, ಯಾರೂ ಇದನ್ನು ಕೇಳಿರಲಿಲ್ಲ. ಇಲ್ಲಿನ ಕಾಲುವೆಗಳಲ್ಲಿ ನೀರು ಸಾಮಾನ್ಯವಾಗಿ ಕೆರೆಯ ಹಾಗೆ ನಿಂತಿರುತ್ತದೆ. ಲಾಂಗೋಲೆನ್‌ನಲ್ಲಿ ಮಾತ್ರ ಕಣ್ಣಿಗೆ ಕಾಣುವಷ್ಟು ಹರಿವಿದೆ. ಊರಿನಿಂದ ಮೇಲೆ ಟೆಲ್ಫರ್ಡನೇ ಕಟ್ಟಿಸಿದ ಕುದುರೆಲಾಳದ ಆಕಾರದ ಒಡ್ಡಿನಲ್ಲಿ ಡೀ ನದಿಯ ನೀರನ್ನು ತಿರುಗಿಸಿ ಕಾಲುವೆಗೆ ಬಿಡುತ್ತಾರೆ. ಅದು ಕೊನೆಗೆ ಹರ್ಲ್ಸ್‌ಟನ್ ಜಲಾಶಯ ಸೇರಿ ಚೆಶರ್ ಕಡೆಯವರಿಗೆ ಕುಡಿಯುವ ನೀರಾಗುತ್ತದೆ. 1944ರಲ್ಲಿ ಕಾಯಿದೆಯ ಮೂಲಕವೇ ಈ ಕಾಲುವೆಯ ದೋಣಿ ಸಂಚಾರವನ್ನು ಕೈಬಿಟ್ಟಿದ್ದರು. ಮುಚ್ಚಿಹಾಕದೆ ಉಳಿದದ್ದು ನೀರಿನ ಕಾರಣಕ್ಕೆ. ಅಂದರೆ ಅಪ್ಪನ ಕಣ್ಣಿಗೆ ಬಿದ್ದದ್ದೇ ಇದರ ಜೀವ. ನಾವು ಅದರ ಮೇಲೆ ಪುಕ್ಕಟೆ ತೇಲುತ್ತಿದ್ದೇವೆ (ದೋಣಿ ಬಾಡಿಗೆ ನೋಡಿದರೆ ಪುಕ್ಕಟೆ ಅನ್ನುವ ಮಾತು ಬರುವುದಿಲ್ಲ, ಆ ಮಾತು ಬೇರೆ).

ಈ ಹರಿವಿನಿಂದ ನಿಮಗೊಂದು ಲೆಕ್ಕ ಇದೆ. ಟ್ರೆವರ್‌ನಿಂದ ಲಾಂಗೋಲೆನ್ ಊರಿಗೆ ನಾಲ್ಕೂವರೆ ಮೈಲಿಯಷ್ಟೆ, ಆದರೆ ನೀರಿಗೆ ಎದುರು. ಗುಡ್ಡದ ಬಂಡೆ ಕಡಿದು ಮಾಡಿದ ದಾರಿ, ಕೆಲವು ಕಡೆ ಒಂದೇ ದೋಣಿ ಹಿಡಿಸುತ್ತದೆ. ಮನೆಯ ಚುರುಕು ಮಗುವನ್ನು ದೊಡ್ಡವರೊಬ್ಬರ ಜೊತೆ ದಡದಲ್ಲಿ ಮುಂದೆ ನಡೆಸಿ, ಎದುರು ದೋಣಿ ಇಲ್ಲ ಅಂತ ಕೈ ಬೀಸಿದ ಮೇಲೆ ನುಗ್ಗಬೇಕು. ಎರಡು ಗಂಟೆ ಹಿಡಿಯುತ್ತದೆ. ಎಡಗಡೆ ಕಣಿವೆ, ಅದರಾಚೆ ಬೆಟ್ಟ, ತಲೆ ಮೇಲೆ ಓಕ್ ಮರ. ಊರಿನಿಂದ ಆಚೆ ಒಡ್ಡಿನವರೆಗೆ ಬಾಡಿಗೆ ದೋಣಿ ಬಿಡುವುದಿಲ್ಲ. ನಡೆದು ಹೋಗಿ, ಇಲ್ಲವೇ ಕುದುರೆ ಎಳೆಯುವ ದೋಣಿಯಲ್ಲಿ ಕೂತು ಸ್ವಲ್ಪ ದೂರ ಹೋಗಿ ಬನ್ನಿ.

ದಕ್ಷಿಣಕ್ಕೆ ತಿರುಗಿದರೆ ಚರ್ಕ್‌ನಲ್ಲಿ 421 ಮೀಟರಿನ ಸುರಂಗ, ಅದರಿಂದ ಹೊರಬಂದ ಕೂಡಲೇ ಇನ್ನೊಂದು ಮೇಲ್ಗಾಲುವೆ, 1801ರದ್ದು. ಪಕ್ಕದಲ್ಲೇ ಅದಕ್ಕಿಂತ ಎತ್ತರಕ್ಕೆ ರೈಲು ಸೇತುವೆ. ಕಾಲುವೆಯ ಅನ್ನ ಕಿತ್ತುಕೊಂಡ ರೈಲು ತಲೆಯ ಮೇಲೇ ಹೋಗುತ್ತದೆ. ಎಲ್ಸ್‌ಮಿಯರ್ ದಾಟಿದ ಮೇಲೆ ಬ್ಲೇಕ್ ಮಿಯರ್ ಅನ್ನುವ ಕೆರೆ. ಕಾಲುವೆಗೂ ಕೆರೆಗೂ ನಡುವೆ ಒಂದು ಸಾಲು ಮರ ಮಾತ್ರ. ನನ್ನನ್ನು ಕೇಳಿದರೆ ಪಾಂಟ್‌ಕಸಲ್ತೆಗಿಂತ ಇದೇ ಒಂದು ಕೈ ಮೇಲು. ರಾತ್ರಿ ಅಲ್ಲೇ ದಡಕ್ಕೆ ಎರಡು ಗೂಟ ಹೊಡೆದು ದೋಣಿ ಕಟ್ಟಿದೆವು. ಅವ್ವ ದೋಣಿಯ ಪುಟ್ಟ ಒಲೆಯ ಮೇಲೆ ಮುದ್ದೆ ತಿರುವಿದಳು. ನೆಲ ಅಲುಗಿದರೆ ಮುದ್ದೆ ಗಂಟಾಗುತ್ತದೆ ಅಂತ ನಮ್ಮನ್ನೆಲ್ಲ ಮುಂಚೆಯೇ ಇಳಿಸಿದ್ದಳು.

ಲಾಂಗೋಲೆನ್‌ಗೆ ಜನ ಜಾಸ್ತಿ ಅನ್ನುವುದು ಸುಳ್ಳಲ್ಲ. ಆಗಸ್ಟ್‌ನಲ್ಲಿ ಗ್ರಿಂಡ್ಲಿ ಬ್ರೂಕ್‌ನ ಮೆಟ್ಟಿಲು ಲಾಕ್‌ಗಳ ಮುಂದೆ ದೋಣಿಗಳ ಕ್ಯೂ ನಿಂತಿರುತ್ತದೆ. ಶಾಲೆ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ ಅನ್ನುವವರು ಮಾನ್ಮತ್‌ಶರ್ ಮತ್ತು ಬ್ರೆಕನ್ ಕಾಲುವೆ ನೋಡಬಹುದು. ಅದೂ ವೇಲ್ಸ್‌ನಲ್ಲೇ, ದಕ್ಷಿಣಕ್ಕೆ. 35 ಮೈಲಿ, ಆರೇ ಲಾಕ್, ಬೇರೆ ಯಾವ ಕಾಲುವೆಗೂ ಅಂಟಿಕೊಂಡಿಲ್ಲ, ಹಾಗಾಗಿ ದೂರದ ದೋಣಿಗಳು ಬರುವುದಿಲ್ಲ. ಬಹುಪಾಲು ದಾರಿ ರಾಷ್ಟ್ರೀಯ ಉದ್ಯಾನದೊಳಗೆ, ಅಸ್ಕ್ ನದಿಯ ಮೇಲ್ಗಡೆ ಗುಡ್ಡದ ಮಗ್ಗುಲಲ್ಲಿ. ಬೆಟ್ಟ ಬೇಕು, ಗದ್ದಲ ಬೇಡ ಅನ್ನುವ ಮಡಿಕೇರಿ, ಚಿಕ್ಕಮಗಳೂರಿನವರಿಗೆ ಇದನ್ನೇ ಹೇಳುತ್ತೇನೆ.

ಉತ್ತರದಲ್ಲಿ ಲೀಡ್ಸ್‌-ಲಿವರ್‌ಪೂಲ್ ಕಾಲುವೆಯ ಸ್ಕಿಪ್ಟನ್ ಭಾಗವೂ ಚೆನ್ನ. ಬಿಂಗ್ಲಿಯಿಂದ ಗಾರ್ಗ್ರೇವ್‌ವರೆಗೆ 17 ಮೈಲಿ ಲಾಕೇ ಇಲ್ಲ, ಬದಲಿಗೆ ತಿರುಗಿಸುವ ಸೇತುವೆಗಳು. ಕಾರುಗಳನ್ನು ನಿಲ್ಲಿಸಿ ಸೇತುವೆ ತಿರುಗಿಸುವ ಅಧಿಕಾರ ಹತ್ತು ನಿಮಿಷ ನಿಮ್ಮ ಕೈಯಲ್ಲಿರುತ್ತದೆ, ಬೆಂಗಳೂರಿನವರು ಇದನ್ನು ಬಹಳ ಇಷ್ಟಪಡುತ್ತಾರೆ.

ಮೇ ಯಾಕೆ ಅಂದರೆ ಬೇಲಿಯ ಹಾಥಾರ್ನ್ ಗಿಡಗಳು ಬೆಳ್ಳಗೆ ಹೂ ಬಿಟ್ಟಿರುತ್ತವೆ, ಬಾತುಮರಿಗಳು ಬಂದಿರುತ್ತವೆ, ರಾತ್ರಿ ಒಂಬತ್ತರ ತನಕ ಬೆಳಕು. ನವೆಂಬರಿನಿಂದ ಮಾರ್ಚ್‌ವರೆಗೆ ಬುಕ್ ಮಾಡಬೇಡಿ. ಕಾಲುವೆ ನೋಡಿಕೊಳ್ಳುವ ಟ್ರಸ್ಟ್ ಲಾಕ್ ಬಾಗಿಲು ಬದಲಿಸುವುದು, ರಿಪೇರಿ ಮಾಡುವುದು ಆಗಲೇ. ದೋಣಿ ನಡೆಸುವುದಕ್ಕೆ ಲೈಸೆನ್ಸ್ ಬೇಡ, ಹೊರಡುವ ಮುಂಚೆ ಬಾಡಿಗೆಯವರು ಹೇಳಿಕೊಡುತ್ತಾರೆ.

ಇನ್ನೊಂದು. ಇಷ್ಟುದ್ದದ ದೋಣಿಯನ್ನು ಕಾಲುವೆಯಲ್ಲಿ ಬೇಕಾದಲ್ಲಿ ತಿರುಗಿಸಲಾಗುವುದಿಲ್ಲ. ಅದಕ್ಕೆಂದೇ ಅಲ್ಲಲ್ಲಿ ದಡ ಅಗಲ ಮಾಡಿರುತ್ತಾರೆ, ಮ್ಯಾಪಿನಲ್ಲಿ ಗುರುತಿರುತ್ತದೆ, ಎಷ್ಟು ಅಡಿಯ ದೋಣಿ ತಿರುಗುತ್ತದೆ ಅಂತಲೂ ನೋಡಿಕೊಳ್ಳಬೇಕು. ನಾನು ಮಾತಿನಲ್ಲಿ ಮೈಮರೆತು ಒಂದನ್ನು ದಾಟಿಬಿಟ್ಟೆ. ಮುಂದಿನದು ಸಿಗುವವರೆಗೆ ಎರಡು ಗಂಟೆ ಬೇಡದ ದಿಕ್ಕಿಗೇ ಹೋದೆವು. ಅಪ್ಪ ಅಷ್ಟೂ ಹೊತ್ತು ಮುಂದುಗಡೆ ಕುರ್ಚಿ ಹಾಕಿಕೊಂಡು ಕೂತಿದ್ದರು, ನಾವು ದಾರಿ ತಪ್ಪಿದ್ದು ಅವರಿಗೆ ಗೊತ್ತಾಗಲೇ ಇಲ್ಲ.