ಶ್ರೀಮಂತರ ತೆರಿಗೆ: ದರಕ್ಕಿಂತ ಮೊದಲು ಹೆಡ್ ನೋಡಿ

ಆಡಿಟರ ಆಫೀಸಿಗೆ ಆರ್ಟಿಕಲ್‌ಶಿಪ್‌ಗೆ ಸೇರುವ ಹುಡುಗ ಹುಡುಗಿಯರು ಸ್ಲ್ಯಾಬುಗಳನ್ನು (ಆದಾಯದ ಹಂತಕ್ಕೊಂದು ತೆರಿಗೆ ದರ) ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಒಂದು ಸೀಸನ್ ಕಳೆಯುವಷ್ಟರಲ್ಲಿ ಸ್ಲ್ಯಾಬ್ ಎಂಬುದು ಸಂಬಳದವರ ಪಾಲಿನ ಮಾತು ಅಂತ ಅರ್ಥವಾಗುತ್ತದೆ. ದೊಡ್ಡ ರಿಟರ್ನುಗಳಲ್ಲಿ ತೆರಿಗೆಯನ್ನು ತೀರ್ಮಾನಿಸುವುದು ಹಣ ಯಾವ ಹೆಡ್ಡಿನಲ್ಲಿ (ಸಂಬಳ, ವ್ಯಾಪಾರ, ಬಂಡವಾಳ ಲಾಭ ಹೀಗೆ ಆದಾಯದ ಬಗೆ) ಬಂತು, ಯಾವ ವರ್ಷ ಬಂತು, ಯಾರ ಹೆಸರಿಗೆ ಬಂತು ಎಂಬುದು. ಕಂಪನಿಗಳಿಗೆ, ಶ್ರೀಮಂತರಿಗೆ ತೆರಿಗೆ ಏರಿಸಬೇಕೇ ಅಂತ ಕೇಳಿದರೆ ನನ್ನ ಉತ್ತರ ಹೌದು. ಎಲ್ಲಿ ಏರಿಸಬೇಕು ಅನ್ನುವಲ್ಲಿ ಮಾತ್ರ ಟಿವಿ ಚರ್ಚೆಗೂ ಕಂಪ್ಯೂಟೇಶನ್ ಶೀಟಿಗೂ ತಾಳಮೇಳ ಇಲ್ಲ.

ಕೆಳಗಿನ ಲೆಕ್ಕಗಳು 2025-26ರ ಆರ್ಥಿಕ ವರ್ಷದವು, ವ್ಯಕ್ತಿಗಳಿಗೆ ಹೊಸ ಪದ್ಧತಿಯವು (ವಿನಾಯಿತಿಗಳು ಕಡಿಮೆ, ದರವೂ ಕಡಿಮೆ ಇರುವ ಆಯ್ಕೆ). 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ. ಇಲ್ಲಿ ಎಲ್ಲರ ಬಾಯಲ್ಲಿರುವ ಹಳೆಯ ನಂಬರುಗಳನ್ನೇ ಇಟ್ಟಿದ್ದೇನೆ.

ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ನಿಗದಿತ ಕಡಿತ) ಕಳೆದು ಸರಿಯಾಗಿ 1 ಕೋಟಿ ಸಂಬಳ ಇರುವವರನ್ನು ತೆಗೆದುಕೊಳ್ಳಿ. 24 ಲಕ್ಷದವರೆಗಿನ ಸ್ಲ್ಯಾಬುಗಳಿಗೆ 3 ಲಕ್ಷ, ಉಳಿದ 76 ಲಕ್ಷಕ್ಕೆ ಶೇ 30ರಂತೆ 22.80 ಲಕ್ಷ, ಒಟ್ಟು 25.80 ಲಕ್ಷ. ಅದರ ಮೇಲೆ ಶೇ 10 ಸರ್ಚಾರ್ಜು, ಶೇ 4 ಸೆಸ್ಸು ಹಾಕಿದರೆ 29,51,520 ರೂಪಾಯಿ. ಇದೂ ತಿಂಗಳು ತಿಂಗಳು ಟಿಡಿಎಸ್ ಆಗಿ, ಕೈಗೆ ಬರುವ ಮೊದಲೇ ಹೋಗಿರುತ್ತದೆ.

ಈಗ ಬೇರೆ ಯಾವ ಆದಾಯವೂ ಇಲ್ಲದೆ, ಲಿಸ್ಟೆಡ್ ಷೇರುಗಳನ್ನು ವರ್ಷದ ಮೇಲೆ ಇಟ್ಟುಕೊಂಡು ಮಾರಿ 1 ಕೋಟಿ ಲಾಭ ಪಡೆದವರನ್ನು ನೋಡಿ. ರೆಸಿಡೆಂಟ್ ಆಗಿದ್ದರೆ ಬಳಕೆಯಾಗದ 4 ಲಕ್ಷದ ಮೂಲ ವಿನಾಯಿತಿ ಈ ಲಾಭಕ್ಕೇ ಹೊಂದಿಕೆಯಾಗುತ್ತದೆ. 112ಎ ಸೆಕ್ಷನ್ ಅಡಿ 1.25 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 94.75 ಲಕ್ಷಕ್ಕೆ ಶೇ 12.5ರಂತೆ 11,84,375. ಸರ್ಚಾರ್ಜು, ಸೆಸ್ಸು ಸೇರಿ 13,54,925 ರೂಪಾಯಿ. ಅದೇ 1 ಕೋಟಿ, ಅರ್ಧಕ್ಕಿಂತ ಕಡಿಮೆ ತೆರಿಗೆ. ಮೊತ್ತ ಹೆಚ್ಚಿದಷ್ಟೂ ಅಂತರ ಹೆಚ್ಚುತ್ತದೆ. ಸಂಬಳಕ್ಕೆ 2 ಕೋಟಿ ದಾಟಿದ ಮೇಲೆ ಸರ್ಚಾರ್ಜು ಶೇ 25 ಆಗುತ್ತದೆ, ಬಂಡವಾಳ ಲಾಭಕ್ಕೆ ಮತ್ತು ಡಿವಿಡೆಂಡಿಗೆ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಅದು ಶೇ 15ರಲ್ಲೇ ನಿಲ್ಲುತ್ತದೆ. ಮೇಲ್ತುದಿಯ ಪ್ರತಿ ರೂಪಾಯಿಗೆ ಸಂಬಳದವರು 39 ಪೈಸೆ ಕಟ್ಟಿದರೆ ಷೇರು ಮಾರಿದವರು 15 ಪೈಸೆಯಷ್ಟೂ ಕಟ್ಟುವುದಿಲ್ಲ. ಆದರೂ ಇದು ಏರಿಕೆ ಆದ ಮೇಲಿನ ಸ್ಥಿತಿ. 2004ರ ಅಕ್ಟೋಬರಿನಿಂದ 2018ರ ಮಾರ್ಚ್‌ವರೆಗೆ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕಟ್ಟಿದ ಷೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇರಲಿಲ್ಲ, ಆಮೇಲೆ ಶೇ 10 ಬಂತು, 2024ರ ಜುಲೈ 23ರಿಂದ ಶೇ 12.5.

ಒಂದೇ ದರದ ಈ ತೆರಿಗೆ ಸಣ್ಣವರನ್ನು ಹೇಗೆ ಹಿಡಿಯುತ್ತದೆ ಅನ್ನುವುದನ್ನೂ ನೋಡಬೇಕು. 11 ಲಕ್ಷ ಪೂರ್ತಿ ಸಂಬಳವಾಗಿದ್ದರೆ 87ಎ ರಿಬೇಟಿನಿಂದ (12 ಲಕ್ಷದೊಳಗಿನವರಿಗೆ ತೆರಿಗೆ ಮನ್ನಾ) ತೆರಿಗೆ ಸೊನ್ನೆ. ಅದರಲ್ಲಿ 8 ಲಕ್ಷ ಸಂಬಳ, 3 ಲಕ್ಷ ಷೇರಿನ ಅಲ್ಪಾವಧಿ (ವರ್ಷದೊಳಗೆ ಮಾರಿದ) ಲಾಭ ಆಗಿದ್ದರೆ ರಿಬೇಟು ಸಂಬಳದ ತೆರಿಗೆಗೆ ಮಾತ್ರ. 3 ಲಕ್ಷಕ್ಕೆ ಶೇ 20ರಂತೆ, ಸೆಸ್ ಸೇರಿ 62,400 ಕಟ್ಟಲೇಬೇಕು. ಆ್ಯಪಿನಲ್ಲಿ ಟ್ರೇಡಿಂಗ್ ಮಾಡುವ ಹುಡುಗರು "12 ಲಕ್ಷದೊಳಗೆ ಟ್ಯಾಕ್ಸೇ ಇಲ್ಲ ಅಂದಿದ್ದರಲ್ಲ ಸಾರ್" ಅಂತ ಬಂದು ಕೂರುವುದು ಇದಕ್ಕೇ.

ದೊಡ್ಡವರಿಗೆ ಇನ್ನೊಂದು ಬಾಗಿಲಿದೆ: 54ಎಫ್. ದೀರ್ಘಾವಧಿಯ ಷೇರು ಮಾರಿದ ಹಣದಲ್ಲಿ ಮನೆ ಕೊಂಡರೆ ಲಾಭಕ್ಕೆ ವಿನಾಯಿತಿ. 2023ರ ಬಜೆಟ್‌ವರೆಗೆ ಇದಕ್ಕೆ ಮೇಲ್ಮಿತಿಯೇ ಇರಲಿಲ್ಲ, ಈಗ 10 ಕೋಟಿ. ಇಲ್ಲಿ ಹೆಚ್ಚಾಗಿ ಕೈಕೊಡುವುದು ಒಂದೇ ಕಡೆ. ಪೂರ್ತಿ ವಿನಾಯಿತಿ ಬೇಕಾದರೆ ಲಾಭವನ್ನಷ್ಟೇ ಹಾಕಿದರೆ ಸಾಲದು, ಮಾರಾಟದ ನಿವ್ವಳ ಮೊತ್ತವನ್ನೆಲ್ಲ ಹಾಕಬೇಕು. ಅರ್ಧ ಹಾಕಿದರೆ ಅರ್ಧ ಲಾಭಕ್ಕಷ್ಟೇ ವಿನಾಯಿತಿ. ಮಾರುವ ದಿನ, ಹೊಸದನ್ನು ಬಿಟ್ಟು ಒಂದಕ್ಕಿಂತ ಹೆಚ್ಚು ಮನೆ ಹೆಸರಿನಲ್ಲಿ ಇರಬಾರದು. ಮನೆ ಕೊಳ್ಳಲು ಎರಡು ವರ್ಷ, ಕಟ್ಟಲು ಮೂರು ವರ್ಷ ಅವಕಾಶ ಇದ್ದರೂ, ಬಳಸದೆ ಉಳಿದ ಹಣ ರಿಟರ್ನಿನ ಗಡುವಿನೊಳಗೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹೋಗಿರಬೇಕು. ಎಫ್‌ಡಿಯಲ್ಲಿ ಇಟ್ಟಿದ್ದೇನೆ ಅಂದರೆ ನಡೆಯುವುದಿಲ್ಲ.

ಇನ್ನು ಕಂಪನಿಗಳು. 2019ರ ಸೆಪ್ಟೆಂಬರ್ 20ರಂದು ಸುಗ್ರೀವಾಜ್ಞೆ ತಂದು 115ಬಿಎಎ ಅಡಿ ಶೇ 22ರ ದರ ಕೊಟ್ಟರು. ಸರ್ಚಾರ್ಜು, ಸೆಸ್ಸು ಸೇರಿ 25.168. ಅಲ್ಲಿಯವರೆಗೆ ದೊಡ್ಡ ಕಂಪನಿಗಳಿಗೆ ಇದು 34.944 ಇತ್ತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟಂತೆ ಅಂತ ಸರ್ಕಾರವೇ ಅಂದು ಹೇಳಿತ್ತು. ಬದಲಿಗೆ ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ವಿನಾಯಿತಿ, ಹೆಚ್ಚುವರಿ ಸವಕಳಿ ಮುಂತಾದವನ್ನು ಬಿಡಬೇಕು, ಮ್ಯಾಟ್ (ಲೆಕ್ಕಪುಸ್ತಕದ ಲಾಭದ ಮೇಲಿನ ಕನಿಷ್ಠ ತೆರಿಗೆ) ಅನ್ವಯಿಸುವುದಿಲ್ಲ, ಆದರೆ 2025-26ರವರೆಗಿನ ನಿಯಮದಲ್ಲಿ ಕೂಡಿಟ್ಟ ಮ್ಯಾಟ್ ಕ್ರೆಡಿಟ್ಟೂ (ಹಿಂದೆ ಕಟ್ಟಿದ ಮ್ಯಾಟನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು) ಸತ್ತುಹೋಗುತ್ತಿತ್ತು. ಹಾಗಾಗಿ ಕ್ರೆಡಿಟ್ ದೊಡ್ಡದಿದ್ದರೆ ಅದು ಮುಗಿಯುವವರೆಗೆ ಹಳೆಯ ದರದಲ್ಲೇ ಇರುವುದು ಲೆಕ್ಕಕ್ಕೆ ಒಳ್ಳೆಯದಾಗಿತ್ತು. ಒಮ್ಮೆ ಒಳಗೆ ಹೋದರೆ ಹಿಂದೆ ಬರುವ ದಾರಿ ಇಲ್ಲ. ಮೊದಲ ವರ್ಷ ಫಾರ್ಮ್ 10-ಐಸಿ ಅನ್ನು ರಿಟರ್ನಿನ ಗಡುವಿನೊಳಗೆ ಹಾಕಬೇಕು. ರಿಟರ್ನಿನಲ್ಲಿ ಟಿಕ್ ಮಾಡಿ ಫಾರ್ಮ್ ಮರೆತರೆ ಸಿಪಿಸಿ (ರಿಟರ್ನು ಪರಿಶೀಲಿಸುವ ಇಲಾಖೆಯ ಕೇಂದ್ರ) ಹಳೆಯ ದರದಲ್ಲೇ ಲೆಕ್ಕ ಹಾಕಿ 143(1)ರ ನೋಟಿಸಿನಲ್ಲಿ ಬಾಕಿ ಕೇಳಿ ಡಿಮ್ಯಾಂಡ್ ಕಳಿಸುತ್ತದೆ. ಮೊದಲ ಎರಡು ಅಸೆಸ್‌ಮೆಂಟ್ ವರ್ಷಗಳಲ್ಲಿ ಇದು ಎಷ್ಟು ಕಂಪನಿಗಳಿಗೆ ಆಯಿತೆಂದರೆ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಎರಡು ಸಲ ಸುತ್ತೋಲೆ ಹೊರಡಿಸಿ ವಿಳಂಬ ಮನ್ನಿಸಬೇಕಾಯಿತು.

ಇದರ ಪಕ್ಕಕ್ಕೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಅಣ್ಣತಮ್ಮಂದಿರು ನಡೆಸುವ ಪಾಲುದಾರಿಕೆ ಫರ್ಮ್ ಇಟ್ಟು ನೋಡಿ. ಅದಕ್ಕೆ ಸ್ಲ್ಯಾಬ್ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ 31.2. ಆದಾಯ 1 ಕೋಟಿ ದಾಟಿದರೆ ಶೇ 12 ಸರ್ಚಾರ್ಜು ಸೇರಿ 34.944. ದೊಡ್ಡ ಕಂಪನಿಗಳು 2019ರಲ್ಲಿ ಬಿಟ್ಟು ಹೋದ ಮೆಟ್ಟಿಲ ಮೇಲೆ ಫರ್ಮು ಇನ್ನೂ ನಿಂತಿದೆ. ಪಾಲುದಾರರ ಸಂಬಳ ಕಳೆದು ಈ ಭಾರ ಇಳಿಸಬಹುದು: 40(ಬಿ) ಪ್ರಕಾರ ಬುಕ್ ಪ್ರಾಫಿಟ್ಟಿನ ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇ 90, ಯಾವುದು ಹೆಚ್ಚೋ ಅದು, ಉಳಿದದ್ದಕ್ಕೆ ಶೇ 60. ಡೀಡಿನಲ್ಲಿ (ಪಾಲುದಾರಿಕೆ ಪತ್ರ) ಸಂಬಳದ ಮೊತ್ತವನ್ನೋ ಲೆಕ್ಕ ಹಾಕುವ ರೀತಿಯನ್ನೋ ಬರೆದಿರದಿದ್ದರೆ ಪೂರ್ತಿ ತಳ್ಳಿಹಾಕುತ್ತಾರೆ. 2025ರ ಏಪ್ರಿಲ್‌ನಿಂದ 194ಟಿ ಬಂದಿದೆ, ವರ್ಷಕ್ಕೆ 20,000 ದಾಟಿದರೆ ಪಾಲುದಾರರ ಸಂಬಳ, ಬಡ್ಡಿಗೆ ಶೇ 10 ಟಿಡಿಎಸ್ ಹಿಡಿಯಬೇಕು. ಮಾರ್ಚ್ 31ರ ಒಂದೇ ಜರ್ನಲ್ ಎಂಟ್ರಿಯಲ್ಲಿ ಎಲ್ಲ ಮುಗಿಸುವ ಹಳೇ ಅಭ್ಯಾಸದವರು ಇದನ್ನು ಇನ್ನೂ ಮರೆಯುತ್ತಾರೆ.

ಕಂಪನಿಯ ಪರವಾಗಿಯೂ ಒಂದು ಮಾತಿದೆ. ಫರ್ಮಿನ ತೆರಿಗೆ ಅಲ್ಲಿಗೇ ಮುಗಿಯುತ್ತದೆ, ಪಾಲು ಕೈಗೆ ಬಂದಾಗ ಮತ್ತೆ ತೆರಿಗೆ ಇಲ್ಲ. ಕಂಪನಿಯಲ್ಲಿ ಹಾಗಲ್ಲ. 100 ರೂಪಾಯಿ ಲಾಭದಲ್ಲಿ 25.17 ಕಂಪನಿ ಕಟ್ಟಿ, ಉಳಿದ 74.83 ಡಿವಿಡೆಂಡ್ ಆಗಿ ಮೇಲ್ತುದಿಯ ಷೇರುದಾರರ ಕೈಗೆ ಬಂದರೆ ಅದರ ಮೇಲೆ ಶೇ 35.88. ಒಟ್ಟು 52 ರೂಪಾಯಿ ಸರ್ಕಾರಕ್ಕೆ. 2020ರ ಏಪ್ರಿಲ್‌ನಲ್ಲಿ ಡಿವಿಡೆಂಡ್ ವಿತರಣಾ ತೆರಿಗೆ ತೆಗೆದು ಷೇರುದಾರರ ತಲೆಗೆ ಕಟ್ಟಿದ ಮೇಲಿನ ಲೆಕ್ಕ ಇದು. ಉದ್ಯಮಿಗಳು "ಅರ್ಧಕ್ಕಿಂತ ಹೆಚ್ಚು ಕಟ್ಟುತ್ತೇವೆ" ಅನ್ನುವುದು ಸುಳ್ಳಲ್ಲ. ಹಂಚಿದರೆ ಮಾತ್ರ ನಿಜ. ಹಂಚದೆ ಕಂಪನಿಯಲ್ಲೇ ಇಟ್ಟುಕೊಂಡರೆ 25.17ಕ್ಕೆ ನಿಂತಿತು. ಷೇರಿನ ಬೆಲೆ ಏರುತ್ತದೆ, ಬೇಕೆಂದಾಗ ಒಂದಿಷ್ಟು ಮಾರಿದರೆ 12.5ರ ದರ. ಮಾರುವುದೂ ಬೇಡ ಅಂದರೆ ಷೇರು ಅಡವಿಟ್ಟು ಸಾಲ ಪಡೆಯಬಹುದು. ಸಾಲ ಆದಾಯವಲ್ಲ.

ಕುಟುಂಬದ ಪ್ರೈವೇಟ್ ಲಿಮಿಟೆಡ್‌ಗಳಲ್ಲಿ ಈ 52ರಿಂದ ತಪ್ಪಿಸಿಕೊಳ್ಳಲು ಮೊದಲು ಹಿಡಿಯುವ ದಾರಿ ಡೈರೆಕ್ಟರ್ ಸಂಬಳ. ಸಂಬಳ ಕಂಪನಿಗೆ ಖರ್ಚು, ಪಡೆದವರ ಕೈಯಲ್ಲಿ ತೆರಿಗೆ ಹೆಚ್ಚೆಂದರೆ ಶೇ 39. ಕೆಲಸಕ್ಕೆ ಮೀರಿದ ಸಂಬಳವಾದರೆ 40ಎ(2) ಅಡ್ಡ ಬರುತ್ತದೆ, ಡಿವಿಡೆಂಡ್ ಬದಲು ಬೋನಸ್ ಕೊಟ್ಟಂತೆ ಕಂಡರೆ 36(1)(ii). ಇವೆರಡನ್ನೂ ನಿಭಾಯಿಸಬಹುದು. ಅಪಾಯ ಇರುವುದು ಎರಡನೆಯ ದಾರಿಯಲ್ಲಿ. ಡೈರೆಕ್ಟರು ಮನೆ ಖರ್ಚು, ಮಗಳ ಮದುವೆ, ಸೈಟಿನ ಅಡ್ವಾನ್ಸು ಎಲ್ಲವನ್ನೂ ಕಂಪನಿ ಖಾತೆಯಿಂದ ಎಳೆಯುತ್ತಾರೆ, ಅಕೌಂಟೆಂಟು ಅದನ್ನು ಅವರ ಹೆಸರಿನ ಲೆಡ್ಜರಿಗೆ ಡೆಬಿಟ್ ಹಾಕುತ್ತಾ ಹೋಗುತ್ತಾನೆ. ಶೇ 10 ಅಥವಾ ಹೆಚ್ಚು ಮತದ ಷೇರು ಇದ್ದವರಿಗೆ ಹೀಗೆ ಹೋದ ಸಾಲ, ಕಂಪನಿಯಲ್ಲಿ ಕೂಡಿರುವ ಲಾಭದ ಮಟ್ಟಿಗೆ, 2(22)(ಇ) ಪ್ರಕಾರ ಡಿವಿಡೆಂಡ್. ಮಾರ್ಚ್ ಕೊನೆಗೆ ಹಣ ವಾಪಸ್ ಹಾಕಿ ಬ್ಯಾಲೆನ್ಸ್ ಸೊನ್ನೆ ಮಾಡಿದರೂ ಉಪಯೋಗವಿಲ್ಲ; ವರ್ಷದೊಳಗೇ ತೀರಿಸಿದ ಸಾಲವೂ ಡಿವಿಡೆಂಡೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಆ ಲೆಡ್ಜರನ್ನು ತಿಂಗಳಿಗೊಮ್ಮೆ ತೆರೆದು ನೋಡಿ, ಡೆಬಿಟ್ಟಿಗೆ ತಿರುಗುವ ಮೊದಲೇ ಸಂಬಳ ನಿಗದಿ ಮಾಡಿಸಿ. ಕಾಯ್ದೆಯ ಈ ತುಣುಕು ನನಗೆ ಇಷ್ಟ. ಪುಟ್ಟ ಕಂಪನಿಯ ಮಾಲೀಕರನ್ನು ಹಿಡಿಯುವ ಇಂಥ ಕೊಕ್ಕೆ ಲಿಸ್ಟೆಡ್ ಕಂಪನಿಯ ಪ್ರವರ್ತಕರು ಬ್ಯಾಂಕಿನಿಂದ ಪಡೆಯುವ ಸಾಲಕ್ಕೆ ಇಲ್ಲ ಅನ್ನುವುದು ಇಷ್ಟವಿಲ್ಲ.

ಹಾಗಾದರೆ ಆಸ್ತಿಗೇ ತೆರಿಗೆ ಹಾಕಿ ಅನ್ನುವವರಿದ್ದಾರೆ. 1957ರಿಂದ 2015ರವರೆಗೆ ನಮ್ಮಲ್ಲಿ ಸಂಪತ್ತು ತೆರಿಗೆ ಇತ್ತು. ಕೊನೆಯ ಹಂತದಲ್ಲಿ 30 ಲಕ್ಷ ಮೀರಿದ್ದಕ್ಕೆ ಶೇ 1. ಕಾರು, ಚಿನ್ನ, ಹೆಚ್ಚುವರಿ ಮನೆ, ನಗರದ ಖಾಲಿ ಸೈಟು ಲೆಕ್ಕಕ್ಕೆ ಬರುತ್ತಿದ್ದವು, ಷೇರು ಬರುತ್ತಿರಲಿಲ್ಲ. ಅಂದರೆ ಅಜ್ಜಿಯ ಕಾಸಿನ ಸರಕ್ಕೆ ತೆರಿಗೆ, ನೂರು ಕೋಟಿಯ ಡಿಮ್ಯಾಟ್ ಖಾತೆಗೆ ಇಲ್ಲ. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ. ಅರುಣ್ ಜೇಟ್ಲಿ ಅದನ್ನು ತೆಗೆದು, 1 ಕೋಟಿ ಮೀರಿದ ಆದಾಯದವರಿಗೆ ಶೇ 2 ಹೆಚ್ಚುವರಿ ಸರ್ಚಾರ್ಜು ಹಾಕಿ, ಅದರಿಂದ ಸುಮಾರು 9,000 ಕೋಟಿ ಬರುತ್ತದೆ ಎಂದರು. ಮತ್ತೆ ತರುವುದಾದರೆ ಷೇರಿನಿಂದಲೇ ಶುರುಮಾಡಬೇಕು, ಲಿಸ್ಟೆಡ್ ಷೇರಿಗೆ ದಿನವೂ ಬೆಲೆ ಇದೆ. ತೊಡಕು ಅನ್‌ಲಿಸ್ಟೆಡ್ ಷೇರು ಮತ್ತು ಜಮೀನಿನದು. 1 ಕೋಟಿ ಮೀರಿದ ಆದಾಯದವರು ಈಗ ರಿಟರ್ನಿನ ಶೆಡ್ಯೂಲ್ ಎಎಲ್‌ನಲ್ಲಿ ಆಸ್ತಿ ತೋರಿಸುತ್ತಾರೆ, ಆದರೆ ಕೊಂಡ ಬೆಲೆಗೆ. 1985ರಲ್ಲಿ ಇಂದಿರಾನಗರದಲ್ಲಿ ಕೊಂಡ ಸೈಟು ಆ ಕಾಲದ ಬೆಲೆಯಲ್ಲೇ ಅಲ್ಲಿ ಕೂತಿರುತ್ತದೆ.

ಪಿತ್ರಾರ್ಜಿತದ ವಿಷಯದಲ್ಲಿ ಅಮೆರಿಕದ ವಾದವನ್ನು ಇಲ್ಲಿಗೆ ತಂದು ಅಂಟಿಸುವವರು ಒಂದು ವ್ಯತ್ಯಾಸ ಮರೆಯುತ್ತಾರೆ. ಅಲ್ಲಿ ಮಾಲೀಕ ಸತ್ತ ದಿನದ ಬೆಲೆಯೇ ವಾರಸುದಾರರ ಕೊಂಡ ಬೆಲೆಯಾಗಿ, ಅಲ್ಲಿಯವರೆಗಿನ ಲಾಭ ಅಳಿಸಿಹೋಗುತ್ತದೆ. ನಮ್ಮ 49(1) ಪ್ರಕಾರ ಅಪ್ಪ ಕೊಂಡ ಬೆಲೆಯೇ ಮಗಳ ಕೊಂಡ ಬೆಲೆ. ಅವಳು ಮಾರಿದ ದಿನ ಹಳೆಯ ಲಾಭವೂ ತೆರಿಗೆಗೆ ಬರುತ್ತದೆ. ಮಾರದಿದ್ದರೆ ಏನೂ ಇಲ್ಲ. 1953ರ ಎಸ್ಟೇಟ್ ಡ್ಯೂಟಿಯನ್ನು ವಿ.ಪಿ. ಸಿಂಗ್ 1985ರಲ್ಲಿ ತೆಗೆದಾಗ ಅದರ ವಸೂಲಿ ಸುಮಾರು 20 ಕೋಟಿ ಇತ್ತು. ದರ ಶೇ 85ರವರೆಗೆ ಹೋಗುತ್ತಿತ್ತು. ಆದಾಯ ತೆರಿಗೆಯೂ 1973-74ರಲ್ಲಿ 97.75ಕ್ಕೆ ಏರಿ, ಆ ಮಟ್ಟದಲ್ಲಿ ಬಾಳದೆ ಮರುವರ್ಷವೇ ಇಳಿಯಿತು. ಶೇ 85 ಕೇಳಿ 20 ಕೋಟಿ ತರುವ ತೆರಿಗೆಗಿಂತ, ತಪ್ಪಿಸಿಕೊಳ್ಳಲು ಸಂದಿ ಇಲ್ಲದ ಶೇ 20 ಮೇಲು. ಬಂಡವಾಳ ಲಾಭ ಒಂದು ಮಿತಿ, ಅಂದರೆ 50 ಲಕ್ಷವೋ 1 ಕೋಟಿಯೋ, ದಾಟಿದ ಮೇಲೆ ಅದನ್ನು ಮಾಮೂಲಿ ಸ್ಲ್ಯಾಬಿಗೆ ಸೇರಿಸಿ, ಅದರ ಸರ್ಚಾರ್ಜಿನ ಮಿತಿ ತೆಗೆದರೆ ಸಾಕು ಎಂಬುದು ನನ್ನ ಲೆಕ್ಕ. ಸಣ್ಣವರ 12.5 ಹಾಗೇ ಇರಲಿ.

ಸರ್ಕಾರಗಳಿಗೆ ಪ್ರಿಯವಾದದ್ದು ಮಾತ್ರ ಸರ್ಚಾರ್ಜು. ಅದರ ತೊಂದರೆ ಅಂಚಿನಲ್ಲಿ ಕಾಣುತ್ತದೆ. 50 ಲಕ್ಷ ಆದಾಯಕ್ಕೆ ತೆರಿಗೆ 10.80 ಲಕ್ಷ, ಸರ್ಚಾರ್ಜು ಇಲ್ಲ. 51 ಲಕ್ಷವಾದರೆ 11.10 ಲಕ್ಷ, ಸರ್ಚಾರ್ಜು ಸೇರಿ 12.21 ಲಕ್ಷ. ಮಾರ್ಜಿನಲ್ ರಿಲೀಫ್ (ಹೆಚ್ಚುವರಿ ತೆರಿಗೆ ಹೆಚ್ಚುವರಿ ಆದಾಯವನ್ನು ಮೀರದಂತೆ ಕೊಡುವ ರಿಯಾಯಿತಿ) 41,000 ಕಳೆದು 11.80 ಲಕ್ಷಕ್ಕೆ ತಂದು ನಿಲ್ಲಿಸುತ್ತಾರೆ. ಸೆಸ್ಸನ್ನು ಹಾಕುವುದು ಅದಾದ ಮೇಲೆ. ಹಾಗಾಗಿ ಹೆಚ್ಚು ದುಡಿದ 1 ಲಕ್ಷಕ್ಕೆ ಹೆಚ್ಚು ಹೋದದ್ದು 1,04,000. 51.61 ಲಕ್ಷದವರೆಗೂ ಕತೆ ಹೀಗೇ. ಮಾರ್ಚ್‌ನಲ್ಲಿ ಬೋನಸ್ ಬರುವವರು ಅದಕ್ಕೂ ಮೊದಲು ಕಂಪನಿಯ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ವಂತಿಗೆ ಮಾಡಿಸಿಕೊಂಡರೆ ಈ ಅಂಚಿನಿಂದ ಕೆಳಗಿರಬಹುದು.

ಕರ್ನಾಟಕಕ್ಕೆ ಇದರಲ್ಲಿ ಇನ್ನೂ ದೊಡ್ಡ ಹೊಡೆತವಿದೆ. ಸರ್ಚಾರ್ಜು ಮತ್ತು ಸೆಸ್ಸು ರಾಜ್ಯಗಳ ಜೊತೆ ಹಂಚುವ ನಿಧಿಗೆ ಸೇರುವುದಿಲ್ಲ. ಮೂಲ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ, ಅದರಲ್ಲಿ 15ನೇ ಹಣಕಾಸು ಆಯೋಗದ ಪ್ರಕಾರ 2025-26ರವರೆಗೆ ಕರ್ನಾಟಕದ ಪಾಲು ಶೇ 3.647 ಇತ್ತು. ಕಂಪನಿಯ 25.168ರಲ್ಲಿ 3.168 ಹಂಚಿಕೆಯ ಹೊರಗೆ. ಅತಿ ಶ್ರೀಮಂತರ 39ರಲ್ಲಿ 9 ಹೊರಗೆ. ತೆರಿಗೆ ಕಟ್ಟುವವರು ಶ್ರೀಮಂತರಾದಷ್ಟೂ ಅವರ ತೆರಿಗೆಯಲ್ಲಿ ರಾಜ್ಯದ ಪಾಲು ಕುಗ್ಗುತ್ತದೆ. ಬೆಂಗಳೂರಿನ ಟೆಕ್ ಸಂಬಳಗಳ ಮೇಲೆ ಸರ್ಚಾರ್ಜು ಏರಿಸಿದರೆ ವಿಧಾನಸೌಧಕ್ಕೆ ಬರುವುದು ಸೊನ್ನೆ. ಏರಿಸುವುದಾದರೆ ಮೂಲ ದರದಲ್ಲಿ ಏರಿಸಿ ಎಂದು ರಾಜ್ಯಗಳು ಪಟ್ಟು ಹಿಡಿಯಬೇಕಾದದ್ದು ಇಲ್ಲೇ.

ಸಂಬಳದ ಮೇಲೆ ರಾಜ್ಯವೇ ನೇರವಾಗಿ ಹಾಕಬಹುದಾದದ್ದು ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿ ಅದನ್ನು ವರ್ಷಕ್ಕೆ 2,500 ರೂಪಾಯಿಗೆ ಕಟ್ಟಿಹಾಕಿದೆ, ಆ ಮೊತ್ತ 1988ರ ತಿದ್ದುಪಡಿಯದು. ಕರ್ನಾಟಕದಲ್ಲಿ ತಿಂಗಳಿಗೆ 25,000 ಸಂಬಳದಿಂದ ಶುರು: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300. ಫೆಬ್ರವರಿಯ ಈ 300 ಅನ್ನು ಪೇರೋಲ್ ಸಾಫ್ಟ್‌ವೇರಿನಲ್ಲಿ ಬದಲಿಸದೆ 200 ಹಿಡಿದ ಕಂಪನಿಗಳು ವ್ಯತ್ಯಾಸವನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಹೊಸ ಪದ್ಧತಿಯಲ್ಲಿ ಇದಕ್ಕೆ ಕಡಿತವೂ ಸಿಗದು. 25,000ದ ಸೂಪರ್‌ವೈಸರೂ 25 ಲಕ್ಷದ ಎಂಡಿಯೂ ಕಟ್ಟುವುದು ಅದೇ 2,500.